ಬಡಿಸುವವರ ಲೆಕ್ಕ

ಓದತಕ್ಕ ಭಾಗ : ಅಪೊಸ್ತಲರ ಕೃತ್ಯಗಳು ೬ : ೧–೭



ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸುಮಾರು ೧೪ ಕಿಲೋಮೀಟರು ಹೋದರೆ ತುಂಗಾನದಿಯ ದಡದಲ್ಲಿ ಸಕ್ರೆಬೈಲಿನ ಆನೆ ಬಿಡಾರವು ಸಿಕ್ಕುವದೆಂಬದು ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರೂ ಕಾವಾಡಿಗಳೂ ಬೆಳಿಗ್ಗೆ ಹುಡುಕಿ ಕರತಂದು, ಹೊಳೆಯಲ್ಲಿ ಮೀಯಿಸಿ, ತರುವಾಯ ಮೇವು ಕೊಡುತ್ತಾರೆ. ಮರಿಯಾನೆಯಾಗಲಿ ಮುದಿಯಾನೆಯಾಗಲಿ, ಹಿಂದಿನ ದಿವಸ ಮಾವುತನ ಮಾತನ್ನು ಕೇಳದೆ ಹಟಮಾಡಿದ ಆನೆಯೇ ಆಗಲಿ, ಅದರ ಪಾಲು ಅದಕ್ಕೆ ಸಿಕ್ಕುವದು. ಎಷ್ಟು ಕೊಟ್ಟಿರಿ ಎಂದು ಮೇಲಿನವರು ಕೇಳಿದರೆ ಉತ್ತರ ಹೇಳತಕ್ಕವರು ಬಿಡಾರದವರು, ಆನೆಯಲ್ಲ.

ಆನೆಯ ಮಾತನ್ನು ಬಿಟ್ಟು ಮಕ್ಕಳ ಮಾತಿಗೆ ಬರೋಣ. ಬೇಸಿಗೆಯ ರಜೆ ಹತ್ತಿರ ಬಂತು. ಶಾಲೆಯ ಬಾಗಿಲು ಮುಚ್ಚಿದ ದಿವಸವೇ ಶಾಲೆಯ ಒಲೆಯೂ ಆರುವದು. ಆದದರಿಂದ ರಜೆಯ ಸತ್ಯವೇದ ಪಾಠಶಾಲೆಗೆ ಬರುವ ಮಕ್ಕಳಿಗೆ ಈ ವರುಷ ನಮ್ಮ ಸಭೆಯವರು ಮಧ್ಯಾಹ್ನದ ಊಟವನ್ನು ಕೊಡಬೇಕೆಂದು ನಿಶ್ಚಯಿಸಿದ್ದಾರೆ; ಇದಕ್ಕಾಗಿ ದೇವರಿಗೆ ಸ್ತೋತ್ರವಾಗಲಿ. ಆದರೆ ಕೆಲವು ಮಂದಿ ಹಿರಿಯರು, ಒಂದೊಂದು ಮನೆಯವರೂ ಅರ್ಜಿಯನ್ನು ತುಂಬಿ ಕೊಡಬೇಕು, ಅದರಲ್ಲಿ ತಂದೆಯ ಸಂಪಾದನೆ, ರೇಷನ್ ಕಾರ್ಡಿನ ಸಂಖ್ಯೆ, ಜಾತಿ ಇವೆಲ್ಲ ಇರಬೇಕು, ಅದನ್ನು ನೋಡಿ ನಿಜವಾಗಿ ಬಡವರಾದವರ ಮಕ್ಕಳನ್ನು ಆರಿಸಬೇಕು ಎಂದು ಸೂಚಿಸಿ, ಅರ್ಜಿಯ ನೂರು ಪ್ರತಿಗಳನ್ನು ಅಚ್ಚುಹಾಕಿಸಿಯೂ ಇದ್ದಾರೆ. ಅವರ ಉದ್ದೇಶವು ಒಳ್ಳೇದೇ. ಸಭೆಯ ಹಣ ಪೋಲಾಗಬಾರದೆಂಬ ಭಯಭಕ್ತಿ ಅವರಲ್ಲಿದೆ. ಆದರೂ ಈ ಅರ್ಜಿ ಬೇಡವೆಂದು ನಾನು ನಿಮ್ಮೆಲ್ಲರ ಮುಂದೆ ಬೇಡಿಕೊಳ್ಳುತ್ತೇನೆ.

ಯೆರೂಸಲೇಮಿನ ಸಭೆಯಲ್ಲಿ ದಿನಾಲೂ ಆಹಾರವನ್ನು ಹಂಚುತ್ತಿದ್ದಾಗ ಏನಾಯಿತೆಂಬದನ್ನು ನೋಡಿರಿ. ಗ್ರೀಕ್ ಭಾಷೆಯನ್ನಾಡುವವರ ವಿಧವೆಯರು ಆ ಹಂಚಿಕೆಯಲ್ಲಿ ಬಿಟ್ಟುಹೋದರು. ಗುಣುಗುಟ್ಟುವ ಶಬ್ದವು ಅಪೊಸ್ತಲರ ಕಿವಿಗೆ ಬಿತ್ತು. ಆಗ ಅವರು ಏನು ಮಾಡಿದರು? ಆ ವಿಧವೆಯರನ್ನು ಕರಿಸಿ, ನೀವು ನಿಜವಾಗಿ ವಿಧವೆಯರೋ, ನಿಮಗೆ ಮಕ್ಕಳಿಲ್ಲವೋ, ಸಾಕ್ಷಿ ತನ್ನಿರಿ ಎಂದರೋ? ಹಾಗನ್ನಲಿಲ್ಲ. ಒಳ್ಳೇ ಹೆಸರು ಹೊಂದಿದ ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಭೆಯವರಿಗೆ ಹೇಳಿ, ಊಟದ ಕೆಲಸವನ್ನು ಅವರ ಮೇಲೆ ಇಟ್ಟರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬದನ್ನು ಲಕ್ಷ್ಯವಿಟ್ಟು ಓದುವವರು ಕಾಣುವರು. ಬಿಟ್ಟುಹೋದವರ ಕಡೆಯವರ ಕೈಗೇ ಸೌಟನ್ನು ಕೊಟ್ಟರೆಂದು ತೋರುತ್ತದೆ. ಪರೀಕ್ಷೆ ನಡೆದದ್ದು ಉಣ್ಣುವವರಿಗಲ್ಲ, ಬಡಿಸುವವರಿಗೆ. ಬಡಿಸುವವರಲ್ಲಿ ಒಳ್ಳೇ ಸಾಕ್ಷಿ, ಪವಿತ್ರಾತ್ಮ, ಜ್ಞಾನ ಈ ಮೂರೂ ಇರಬೇಕಾಗಿತ್ತು. ಉಣ್ಣುವ ವಿಧವೆಯಲ್ಲಿ ಹಸಿವೆಯೊಂದಿದ್ದರೆ ಸಾಕಾಗಿತ್ತು.

ಇದು ಬರೀ ಸಭೆಯೊಳಗಿನ ಮಾತೆಂದು ತಿಳಿಯಬೇಡಿರಿ. ನಮ್ಮ ದೇಶದ ಸರಕಾರವೂ ಇದೇ ಪಾಠವನ್ನು ಮೆಲ್ಲಮೆಲ್ಲಗೆ ಕಲಿಯಬೇಕಾಯಿತು. ೧೯೯೫ನೇ ಇಸವಿ ಆಗಸ್ಟ್ ೧೫ರಂದು ಶಾಲಾಮಕ್ಕಳ ಆಹಾರದ ಯೋಜನೆಯು ಇಡೀ ದೇಶಕ್ಕಾಗಿ ಆರಂಭವಾದಾಗ ಬಹುಕಡೆ ಕೊಟ್ಟದ್ದು ಬೆಂದ ಅನ್ನವಲ್ಲ. ತಿಂಗಳಿಗೆ ೩ ಕಿಲೋ ಧಾನ್ಯ. ಅದೂ ನೂರು ದಿವಸಗಳಲ್ಲಿ ಎಂಭತ್ತು ದಿವಸ ಶಾಲೆಗೆ ಬಂದ ಮಗುವಿಗೆ ಮಾತ್ರ. ಮನೆಗೆ ಹೋದ ಧಾನ್ಯವು ಮನೆಯ ಮಡಿಕೆಯೊಳಗೆ ಬೆರೆತುಹೋಗುವದು ಸಹಜವಲ್ಲವೇ? ೨೦೦೧ನೇ ಇಸವಿ ನವೆಂಬರ್ ೨೮ರಂದು ದೇಶದ ಸರ್ವೋಚ್ಚ ನ್ಯಾಯಾಲಯವು, ಸರಕಾರದ ಮತ್ತು ಸರಕಾರದ ಸಹಾಯ ಹೊಂದಿದ ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲಿ ಪ್ರತಿಯೊಂದು ಮಗುವಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತು. ಪ್ರತಿಯೊಂದು ಮಗುವಿಗೆ ಎಂಬ ಮಾತನ್ನು ಹಿಡಿದುಕೊಳ್ಳಿರಿ. ಆ ಪ್ರಕಾರ ೨೦೦೨ರಲ್ಲಿ ನಮ್ಮ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವು ಮೊದಲಾಗಿ, ೨೦೦೩ರಲ್ಲಿ ಉಳಿದ ಜಿಲ್ಲೆಗಳಿಗೂ, ಹೀಗೆ ನಮ್ಮ ಶಿವಮೊಗ್ಗ ಜಿಲ್ಲೆಗೂ ಬಂತು. ೨೦೧೩ರ ಆಹಾರ ಭದ್ರತಾ ಕಾಯಿದೆಯು ಇದನ್ನು ಮಕ್ಕಳ ಹಕ್ಕೆಂದು ಬರೆಯಿತು.

ದಾಸೋಹವೆಂಬ ಮಾತು ನಮ್ಮ ವೇದದ್ದಲ್ಲ, ಶರಣರದು. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿಮತವನ್ನು ಕೇಳದೆ ಸಾವಿರಾರು ಮಂದಿ ಹುಡುಗರಿಗೆ ಅನ್ನವಿಕ್ಕಿ ಓದಿಸಿದ್ದನ್ನು ಕನ್ನಡನಾಡೆಲ್ಲ ಬಲ್ಲದು. ಒಳ್ಳೇದನ್ನು ನೆರೆಯವನಿಂದ ಕಲಿಯುವದಕ್ಕೆ ಕ್ರೈಸ್ತನು ನಾಚಬೇಕಾದದ್ದೇನೂ ಇಲ್ಲ.

ಈಗ ನಮ್ಮ ಊರ ಸರಕಾರಿ ಶಾಲೆಯಲ್ಲಿ ಮಧ್ಯಾಹ್ನ ಗಂಟೆ ಬಾರಿಸಿದ ಮೇಲೆ ಯಾರೂ ಮಗುವಿನ ಕೈಯಲ್ಲಿ ಅರ್ಜಿಯನ್ನು ಕೇಳುವದಿಲ್ಲ. ನಿನ್ನ ತಂದೆಗೆ ಎಷ್ಟು ಎಕರೆ ಗದ್ದೆಯಿದೆ ಎಂದು ವಿಚಾರಿಸುವದಿಲ್ಲ. ಶಾಲೆಯಲ್ಲಿ ಹೆಸರಿದ್ದರೆ ಸಾಲಿನಲ್ಲಿ ಎಡೆಯುಂಟು. ಹಾಗಾದರೆ ಲೆಕ್ಕವೇ ಇಲ್ಲವೋ? ಬೇಕಾದಷ್ಟಿದೆ! ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ ೧೦೦ ಗ್ರಾಮು ಧಾನ್ಯ, ಅದಕ್ಕೆ ದೊಡ್ಡದಕ್ಕೆ ೧೫೦ ಗ್ರಾಮು ಎಂಬ ನೇಮವಿದೆ. ಮಕ್ಕಳಿಗೆ ಬಡಿಸುವದಕ್ಕೆ ಮೊದಲು ದೊಡ್ಡವರು ಉಂಡು ನೋಡಬೇಕು. ೨೦೧೫ರ ನಿಯಮಗಳ ಪ್ರಕಾರ ಶಾಲೆಯ ದಿವಸ ಊಟ ತಪ್ಪಿದರೆ ಆ ಮಗುವಿಗೆ ಸರಕಾರವೇ ಧಾನ್ಯವನ್ನೂ ಹಣವನ್ನೂ ತೆರಬೇಕು. ತಪ್ಪುದಂಡ ಯಾರ ಮೇಲೆ ಬಿತ್ತು ನೋಡಿದಿರಾ?

ಈ ಎಚ್ಚರಿಕೆ ಬಡಿಸುವವರ ಕಡೆಯಲ್ಲಿ ಯಾಕೆ ಇರಬೇಕೆಂಬದಕ್ಕೆ ದುಃಖದ ಸಾಕ್ಷಿಯೂ ಉಂಟು. ೨೦೧೩ನೇ ಇಸವಿ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಕೀಟನಾಶಕ ಬೆರೆತ ಊಟವನ್ನುಂಡು ೨೩ ಮಕ್ಕಳು ಸತ್ತರು. ಆ ಮಕ್ಕಳ ತಂದೆತಾಯಿಗಳು ಎಷ್ಟು ಅರ್ಜಿ ಬರೆದುಕೊಟ್ಟಿದ್ದರೂ ಅದು ಆ ಎಣ್ಣೆಯನ್ನು ಮೂಸಿನೋಡುತ್ತಿರಲಿಲ್ಲ. ನಮ್ಮ ಹಿರಿಯರಲ್ಲಿರುವ ಶೋಧನೆಯ ಉತ್ಸಾಹವನ್ನೆಲ್ಲ ಅಡಿಗೆಮನೆಗೆ ತಿರುಗಿಸಿದರೆ ಎಷ್ಟೋ ಲಾಭವಾದೀತು.

ಕಾಗದವನ್ನು ಕೇಳುವ ಆಶೆ ಸರಕಾರಕ್ಕೂ ಆಗಾಗ ಹುಟ್ಟುತ್ತದೆ. ೨೦೧೭ನೇ ಇಸವಿ ಫೆಬ್ರವರಿ ತಿಂಗಳ ಕೊನೆಗೆ, ಶಾಲೆಯ ಊಟಕ್ಕೂ ಆಧಾರ್ ಸಂಖ್ಯೆ ಬೇಕೆಂಬ ಪ್ರಕಟನೆ ದಿಲ್ಲಿಯಿಂದ ಹೊರಟಿತು. ದೇಶದಲ್ಲೆಲ್ಲ ಕೂಗು ಎದ್ದಿತು. ಸಂಖ್ಯೆಯಿಲ್ಲದ ಮಾತ್ರಕ್ಕೆ ಯಾರ ಊಟವನ್ನೂ ತಪ್ಪಿಸುವದಿಲ್ಲವೆಂದು ಸರಕಾರ ಕೂಡಲೇ ಹೇಳಬೇಕಾಯಿತು. ೨೦೧೮ರ ಸೆಪ್ಟೆಂಬರಿನ ತೀರ್ಪಿನಲ್ಲಿ ನ್ಯಾಯಾಲಯವೂ ಮಕ್ಕಳ ವಿಷಯದಲ್ಲಿ ಹಾಗೆಯೇ ಹೇಳಿತು. ಐಶ್ವರ್ಯವಂತ ದೇಶವಾದ ಅಮೇರಿಕದಲ್ಲಿಯೂ ಬಹುಕಾಲ ಒಂದೊಂದು ಮನೆಯಿಂದ ಅರ್ಜಿ ತರಿಸಿ ಊಟ ಕೊಡುತ್ತಿದ್ದರು. ಊಟದ ಸಾಲ ಉಳಿಸಿಕೊಂಡ ಮಕ್ಕಳ ಕೈಯಿಂದ ತಟ್ಟೆಯನ್ನು ಕಸಿದು ಕಸಕ್ಕೆ ಹಾಕಿದ ಸಂಗತಿ ೨೦೧೪ರಲ್ಲಿ ಯೂಟಾ ಎಂಬ ಸಂಸ್ಥಾನದ ಒಂದು ಶಾಲೆಯಲ್ಲಿ ನಡೆಯಿತು. ೨೦೧೦ರ ಒಂದು ಕಾನೂನಿನಿಂದ ಅಲ್ಲಿಯೂ ಬೇರೆ ದಾರಿ ತೆರೆಯಿತು. ಬಡವರು ಹೆಚ್ಚಾಗಿರುವ ಕಡೆಗಳಲ್ಲಿ ಮನೆಮನೆಯ ಅರ್ಜಿಯನ್ನು ಬಿಟ್ಟು, ಸರಕಾರದ ಬೇರೆ ಪಟ್ಟಿಗಳಲ್ಲಿ ಈಗಾಗಲೇ ಇರುವ ಹೆಸರುಗಳನ್ನು ಲೆಕ್ಕಹಾಕಿಕೊಂಡು, ಶಾಲೆಯ ಎಲ್ಲ ಮಕ್ಕಳಿಗೂ ಊಟ ಕೊಡಬಹುದು. ಲೆಕ್ಕದ ಹೊರೆ ಕಚೇರಿಯ ಹೆಗಲಿಗೆ ಹೋಯಿತು.

ಪ್ರಿಯರೇ, ಇಷ್ಟನ್ನೆಲ್ಲ ನಾನು ಹೇಳುವದು ಓದಿ ಕಲಿತ ಜಂಬದಿಂದಲ್ಲ. ನಾನೇ ಒಂದು ಸಾರಿ ಈ ತಪ್ಪನ್ನು ಮಾಡಿದ್ದೇನೆ. ಸಭಾಸೇವೆಗೆ ಹೊಸದಾಗಿ ಬಂದ ಕಾಲದಲ್ಲಿ, ತುಂಗೆಯ ದಡದ ಒಂದು ಚಿಕ್ಕ ಸಭೆಯಲ್ಲಿ, ರಜೆಯ ಪಾಠಶಾಲೆಯ ಊಟಕ್ಕೆಂದು ಇಂಥದೇ ಚೀಟಿಯನ್ನು ನನ್ನ ಕೈಯಾರೆ ಬರೆದು ಮಕ್ಕಳಿಗೆ ಹಂಚಿದೆನು. ಮೂರನೆಯ ದಿವಸ ಮಕ್ಕಳೆಲ್ಲ ಉಣ್ಣುತ್ತಿರಲು ಒಬ್ಬ ಹುಡುಗಿ ಬಾವಿಯ ಕಟ್ಟೆಯ ಹತ್ತಿರ ನಿಂತು ಹಗ್ಗವನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದಳು. "ಯಾಕಮ್ಮಾ, ಊಟಕ್ಕೆ ಬರಲಿಲ್ಲ?" ಎಂದು ಕೇಳಿದೆನು. "ಹಸಿವಿಲ್ಲ ಅಯ್ಯನವರೇ" ಅಂದಳು. ನಾನು ಅದನ್ನು ನಂಬಿದೆನು! ಅದೇ ನನ್ನನ್ನು ಈ ಹೊತ್ತಿನ ವರೆಗೂ ಚುಚ್ಚುತ್ತದೆ. ನಾಲ್ಕನೆಯ ದಿವಸ ಅವಳು ಪಾಠಕ್ಕೂ ಬರಲಿಲ್ಲ.

ಸಂಜೆ ಅವರ ಮನೆಗೆ ಹೋದೆನು. ತಂದೆ ಚಿಕ್ಕಮಗಳೂರಿನ ಕಡೆ ಕಾಫಿತೋಟದ ಕೂಲಿಗೆ ಹೋಗಿದ್ದನು. ಚೀಟಿ ಗೋಡೆಯ ಗೂಡಿನಲ್ಲಿ ಮಡಿಚಿಟ್ಟಂತೆಯೇ ಇತ್ತು. ಬರೆಯಲು ಬಲ್ಲವರು ಮನೆಯಲ್ಲಿಲ್ಲ. ಅದನ್ನು ನೆರೆಯವರಿಂದ ಬರೆಸಬಹುದಾಗಿತ್ತು. ತಾಯಿ ಬೆರಳಿಟ್ಟು ತೋರಿಸಿದ್ದು ಜಾತಿಯ ಸಾಲನ್ನು. "ಇಲ್ಲಿ ಏನು ಬರೆಸಲಿ ಅಯ್ಯನವರೇ? ಹಳೇದನ್ನು ಬರೆಸಿದರೆ ಸಭೆಯಲ್ಲಿ ತಲೆ ತಗ್ಗಿಸಬೇಕು. ಕ್ರೈಸ್ತರು ಅಂತ ಬರೆಸಿದರೆ ನಾಳೆ ಕಚೇರಿಯಲ್ಲಿ ಏನು ಕೇಳುತ್ತಾರೋ" ಅಂದಳು.

ಆ ತಾಯಿಯ ಭಯವು ಬುಡವಿಲ್ಲದ್ದೆಂದು ಯಾರು ಹೇಳಬಲ್ಲರು? ೧೯೫೦ರ ರಾಷ್ಟ್ರಪತಿಗಳ ಆಜ್ಞೆಯ ಮೇರೆಗೆ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಪಟ್ಟಿಯಿಂದ ಹೊರಗಾಗುತ್ತಾನೆ. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಆ ಬಾಗಿಲು ತೆರೆಯಿತು, ನಮ್ಮವರಿಗೆ ತೆರೆಯಲಿಲ್ಲ. ಹೀಗಿರಲಾಗಿ ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ ಒಂದು ಕಾಗದದಲ್ಲಿ ಒಂದು ಹೆಸರೂ ಇನ್ನೊಂದರಲ್ಲಿ ಇನ್ನೊಂದು ಹೆಸರೂ ಹೊತ್ತು ಬದುಕುತ್ತಾರೆ. ಅದು ಸರಿಯೋ ತಪ್ಪೋ ಎಂಬ ವಿಚಾರ ಬೇರೆ ದಿವಸಕ್ಕಿರಲಿ. ಆದರೆ ಏಳು ವರುಷದ ಮಗುವಿನ ಒಂದು ಹಿಡಿ ಅನ್ನಕ್ಕಾಗಿ ಆ ಗಂಟನ್ನು ದೇವಾಲಯದ ಅಂಗಳದಲ್ಲಿ ಬಿಚ್ಚಿಸುವದು ಯಾವ ನ್ಯಾಯ? ಕೊರಿಂಥದ ಸಭೆಯವರು ಕರ್ತನ ಭೋಜನಕ್ಕೆಂದು ಕೂಡಿಬಂದು, ಇದ್ದವರು ಹೊಟ್ಟೆತುಂಬ ಉಂಡು ಇಲ್ಲದವರನ್ನು ಹಸಿದು ನೋಡುವಂತೆ ಬಿಟ್ಟಾಗ, ಪೌಲನು ಅದನ್ನು ಬರೀ ಹಂಚಿಕೆಯ ತಪ್ಪೆಂದು ಎಣಿಸಲಿಲ್ಲ. ಇಲ್ಲದವರನ್ನು ನಾಚಿಕೆಪಡಿಸುವದರಿಂದ ದೇವರ ಸಭೆಯನ್ನೇ ಹೀನೈಸಿದಂತಾಯಿತೆಂದು ಗದರಿಸಿದನು (೧ ಕೊರಿಂಥ ೧೧).

ಸಾಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುವೆನು. ೨೦೦೪ರಲ್ಲಿ ನ್ಯಾಯಾಲಯವು ಶಾಲೆಯ ಅಡಿಗೆಯ ಕೆಲಸದಲ್ಲಿ ದಲಿತರಿಗೂ ಪರಿಶಿಷ್ಟ ಪಂಗಡದವರಿಗೂ ಮೊದಲ ಸ್ಥಾನ ಕೊಡಬೇಕೆಂದು ಹೇಳಿತು. ಅವರು ಅಟ್ಟದ್ದನ್ನು ಉಣ್ಣಲೊಲ್ಲೆವೆಂದು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡವರೂ ನಮ್ಮ ರಾಜ್ಯದಲ್ಲಿದ್ದಾರೆ. ಎಲ್ಲರ ಮಕ್ಕಳೂ ಒಂದೇ ಸಾಲಿನಲ್ಲಿ ಒಂದೇ ಪಾತ್ರೆಯದನ್ನು ಉಂಡರೆ ಮಾತ್ರ ಈ ರೋಗಕ್ಕೆ ಔಷಧ. ಬಡವರದೇ ಬೇರೆ ಸಾಲಾದರೆ ಅದು ಹೊಲೆಗೇರಿಯ ಹೊಸ ಹೆಸರಾದೀತು.

ಇದ್ದವರ ಮಕ್ಕಳೂ ಸುಮ್ಮನೆ ಉಂಡುಹೋಗುವರಲ್ಲಾ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಉಣ್ಣಲಿ. ತಂದೆಯಾದ ದೇವರು ಮಳೆಯನ್ನು ಸುರಿಸುವಾಗ ಸಾಹುಕಾರನ ತೋಟವನ್ನು ತಪ್ಪಿಸಿ ಸುರಿಸುವದಿಲ್ಲ. ಅಂಥ ಮನೆಯವರು ಉಂಡ ಮಗುವಿನ ಕೈಯಲ್ಲಿ ಮರುದಿವಸ ಎರಡು ತೆಂಗಿನಕಾಯಿ ಕಳುಹಿಸಿದರೆ ಯಾರು ಬೇಡವೆನ್ನುವರು? ಇನ್ನೊಬ್ಬರು, ಕೆಲಸಮಾಡಲೊಲ್ಲದವನು ಉಣ್ಣಬಾರದೆಂದು ಅಪೊಸ್ತಲನೇ ಬರೆದಿದ್ದಾನಲ್ಲಾ ಎಂದರು. ಬರೆದದ್ದು ನಿಜ; ಥೆಸಲೊನೀಕದಲ್ಲಿ ಮೈಗಳ್ಳರಾಗಿ ತಿರುಗುವ ಬೆಳೆದ ಗಂಡಸರಿಗೆ ಬರೆದನು. ಮೂರನೇ ತರಗತಿಯ ಹುಡುಗಿಗೆ ಬರೆಯಲಿಲ್ಲ.

ಖರ್ಚಿನ ಪ್ರಶ್ನೆ ಮಾತ್ರ ಹಗುರವಾದದ್ದಲ್ಲ. ಎಲ್ಲರಿಗೂ ಬಡಿಸಿದರೆ ಅಕ್ಕಿ ಹೆಚ್ಚು ಬೇಕು, ನಮ್ಮ ಸಭೆ ಚಿಕ್ಕದು. ಅದಕ್ಕಾಗಿ ನಾನು ಹೇಳುವದೇನಂದರೆ, ಹಣ ಸಾಲದಿದ್ದರೆ ದಿವಸಗಳನ್ನು ಕಡಿಮೆಮಾಡೋಣ, ಮಕ್ಕಳನ್ನು ಕಡಿಮೆಮಾಡುವದು ಬೇಡ. ವಾರಕ್ಕೆ ಆರು ದಿವಸವಾಗದಿದ್ದರೆ ನಾಲ್ಕು ದಿವಸವಾಗಲಿ. ಆದರೆ ಆ ನಾಲ್ಕು ದಿವಸವೂ ಬಾವಿಯ ಕಟ್ಟೆಯ ಬಳಿ ಯಾರೂ ನಿಂತಿರಬಾರದು.

ಬರುವ ಭಾನುವಾರ ಆರಾಧನೆಯಾದ ಮೇಲೆ ಹಿರಿಯರ ಕೂಟವಿದೆ. ಅಲ್ಲಿ ನಾನು ಕೇಳಿಕೊಳ್ಳುವದು ಇಷ್ಟೇ. ಪುಸ್ತಕ ಒಂದೇ ಇರಲಿ. ಅದರಲ್ಲಿ ಆ ದಿವಸ ಬಂದ ಮಕ್ಕಳ ತಲೆಯೆಣಿಕೆ, ಖರ್ಚಾದ ಅಕ್ಕಿ ಬೇಳೆ ಎಣ್ಣೆ, ಅಡಿಗೆಮಾಡಿದವರ ಹೆಸರು, ಮೊದಲು ಉಂಡುನೋಡಿದ ಹಿರಿಯನ ರುಜು ಇರಲಿ. ವಾರಕ್ಕೊಂದು ಸಾರಿ ಅದನ್ನು ಸಭೆಯ ಮುಂದೆ ಓದಲಿ. ಎರಡು ದಿವಸ ಕಾಣಿಸದ ಮಗುವಿನ ಮನೆಗೆ ಒಬ್ಬ ಹಿರಿಯನು, ಕೈಯಲ್ಲಿ ಕಾಗದವಿಲ್ಲದೆ, ಹೋಗಿ ಬರಲಿ. ಅಕ್ಕಿಬೇಳೆ ಕೊಡುವ ಮನಸ್ಸುಳ್ಳವರು ಶನಿವಾರ ಸಂಜೆಯೊಳಗೆ ದೇವಾಲಯದ ಹಿಂದಿನ ಕೋಣೆಗೆ ತಲಪಿಸಿರಿ. ಸೌದೆ ಈಗಾಗಲೇ ಬಂದಿದೆ. ಅಚ್ಚುಹಾಕಿಸಿದ ನೂರು ಅರ್ಜಿಗಳ ಹಿಂದಿನ ಮಗ್ಗುಲು ಖಾಲಿಯಾಗಿದೆ. ಅವುಗಳನ್ನು ಮಕ್ಕಳಿಗೆ ಚಿತ್ರ ಬರೆಯಲು ಕೊಡೋಣ; ಸಕ್ರೆಬೈಲಿನ ಆನೆಗಳನ್ನು ಬರೆಯುವದೆಂದರೆ ಅವರಿಗೆ ಬಲು ಇಷ್ಟ.