ಮುಗಿದ ಶಿಕ್ಷೆ, ಮುಗಿಯದ ಶಂಕೆ

ವೃದ್ಧಾಪ್ಯವು ಮನುಷ್ಯನಿಂದ ಒಂದೊಂದಾಗಿ ಕಸಿದುಕೊಳ್ಳುವ ಸ್ವಾತಂತ್ರ್ಯಗಳಲ್ಲಿ ಬಾಗಿಲ ಚಿಲಕದ ಮೇಲಿನ ಅಧಿಕಾರವೂ ಒಂದು. ಆರೈಕೆ ಗೃಹವನ್ನು ಸೇರಿದ ಮುದುಕಿಯೊಬ್ಬಳಿಗೆ ಬೆಳಿಗ್ಗೆ ಸ್ನಾನ ಮಾಡಿಸುವವರು ಒಬ್ಬರಾದರೆ ರಾತ್ರಿ ಮಗ್ಗುಲು ಬದಲಿಸಿ ಮಲಗಿಸುವವರು ಇನ್ನೊಬ್ಬರು. ಇವರಲ್ಲಿ ಯಾರನ್ನೂ ಆಕೆ ಆರಿಸಿಕೊಂಡಿಲ್ಲ. ಆಕೆಯ ಬೆರಳಿನ ಉಂಗುರ, ದಿಂಬಿನ ಅಡಿಯ ಪುಟ್ಟ ಹಣದ ಚೀಲ, ಕೊನೆಗೆ ಆಕೆಯ ಮೈಯೂ ಅಪರಿಚಿತರ ಕೈಯಲ್ಲಿರುತ್ತವೆ. ನೆನಪು ಮಾಸಿದ್ದರೆ ತನಗೆ ಆದ ಅನ್ಯಾಯವನ್ನು ಮರುದಿನ ಹೇಳುವ ಶಕ್ತಿಯೂ ಆಕೆಗೆ ಇರುವುದಿಲ್ಲ. ಹೇಳಿದರೂ ನಂಬುವವರು ವಿರಳ. ಅಮೆರಿಕದ ಬಹುತೇಕ ರಾಜ್ಯಗಳು ಪರವಾನಗಿ ಪಡೆದ ಆರೈಕೆ ಗೃಹಗಳಲ್ಲಿ ಕೆಲಸಕ್ಕೆ ಬರುವವರ ಅಪರಾಧ ಹಿನ್ನೆಲೆಯನ್ನು ಪರಿಶೀಲಿಸಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ. ತನ್ನ ಬಾಗಿಲನ್ನು ತಾನೇ ಕಾಯಲಾರದವರ ಪರವಾಗಿ ಬೇರೊಬ್ಬರು ಕಾಯಬೇಕೆಂಬ ಈ ತತ್ತ್ವವನ್ನು ಯಾರೂ ಅಲ್ಲಗಳೆಯಲಾರರು.

ತೊಡಕು ಇರುವುದು ಪರಿಶೀಲನೆಯಲ್ಲಲ್ಲ, ಅದರಿಂದ ತಿಳಿದುಬಂದ ಸಂಗತಿಯನ್ನು ಏನು ಮಾಡಬೇಕೆಂಬುದರಲ್ಲಿ. ಇಪ್ಪತ್ತು ವರ್ಷಗಳ ಹಿಂದೆ ಕಳ್ಳತನ ಮಾಡಿ, ಅದಕ್ಕೆ ವಿಧಿಸಿದ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿ, ಅನಂತರ ಸರಿಯಾಗಿ ಬಾಳಿದ ಒಬ್ಬನು ಇಂದು ವೃದ್ಧರ ಸೇವೆಗೆ ಬಂದು ನಿಂತಿದ್ದಾನೆ. ಅವನ ಹೆಸರಿನ ಮುಂದೆ ಕಡತದಲ್ಲಿ ಒಂದು ಸಾಲು ಇದೆ. ಆ ಸಾಲು ಅವನ ಬಗ್ಗೆ ಹೇಳುವುದೆಷ್ಟು? ಅದನ್ನು ಓದಿದವರಿಗೆ ಅವನನ್ನು ಹಿಂದಕ್ಕೆ ಕಳುಹಿಸುವ ಹಕ್ಕು ಎಷ್ಟು ಕಾಲ ಉಳಿಯುತ್ತದೆ?

ಪೆನ್ಸಿಲ್ವೇನಿಯ ರಾಜ್ಯವು ಒಮ್ಮೆ ಈ ಪ್ರಶ್ನೆಗೆ ಅತ್ಯಂತ ಸರಳವಾದ ಉತ್ತರವನ್ನು ಕೊಟ್ಟಿತ್ತು. ಅಲ್ಲಿನ ವೃದ್ಧರ ರಕ್ಷಣಾ ಕಾಯಿದೆಗೆ 1996 ಮತ್ತು 1997ರಲ್ಲಿ ತಂದ ತಿದ್ದುಪಡಿಗಳು ಅಪರಾಧಗಳ ಒಂದು ಉದ್ದನೆಯ ಪಟ್ಟಿಯನ್ನು ಮಾಡಿದವು. ಕೊಲೆ, ಅತ್ಯಾಚಾರಗಳಂತಹ ಘೋರ ಕೃತ್ಯಗಳ ಜೊತೆಯಲ್ಲಿ ಕಳವು, ಖೋಟಾ ಸಹಿಯಂತಹವೂ ಆ ಪಟ್ಟಿಯಲ್ಲಿ ಇದ್ದವು. ಅವುಗಳಲ್ಲಿ ಯಾವುದರಲ್ಲಿಯಾದರೂ ತಪ್ಪಿತಸ್ಥನೆಂದು ತೀರ್ಪಾದವನು ಆಜೀವ ಪರ್ಯಂತ ಆರೈಕೆ ಗೃಹದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅಪರಾಧ ನಡೆದು ಎಷ್ಟು ವರ್ಷವಾಯಿತು, ಆಗ ಅವನ ವಯಸ್ಸೆಷ್ಟು, ಅನಂತರ ಅವನು ಹೇಗೆ ಬಾಳಿದನು ಎಂಬ ಯಾವ ವಿಚಾರಣೆಗೂ ಅಲ್ಲಿ ಆಸ್ಪದವಿರಲಿಲ್ಲ. ಆದರೂ ಶಾಸಕರು ಒಂದು ಸಣ್ಣ ಕಿಂಡಿಯನ್ನು ಬಿಟ್ಟಿದ್ದರು: 1998ರ ಜುಲೈ 1ರ ವೇಳೆಗೆ ಅದೇ ಸಂಸ್ಥೆಯಲ್ಲಿ ಒಂದು ವರ್ಷ ಕೆಲಸ ಮಾಡಿದ್ದವರು ಅಲ್ಲಿಯೇ ಮುಂದುವರಿಯಬಹುದಾಗಿತ್ತು.

ಇಡೀ ಕಾಯಿದೆಯ ಬುಡವನ್ನು ಅಲ್ಲಾಡಿಸಿದ್ದು ಈ ಕಿಂಡಿಯೇ. ಹಳೆಯ ಅಪರಾಧವುಳ್ಳವರು ಸ್ವಭಾವತಃ ಅಪಾಯಕಾರಿಗಳಾದರೆ ಒಂದು ವರ್ಷದಿಂದ ಅಲ್ಲಿಯೇ ಇರುವವರನ್ನು ಉಳಿಸಿಕೊಳ್ಳುವುದು ಹೇಗೆ? ಒಂದು ವರ್ಷದ ನಿಷ್ಠೆಯ ಸೇವೆಯು ಆ ಶಂಕೆಯನ್ನು ಪರಿಹರಿಸುವುದಾದರೆ, ಹತ್ತು ವರ್ಷ ಬೇರೊಂದು ಗೃಹದಲ್ಲಿ ದುಡಿದು ಕೆಲಸ ಬದಲಿಸಿದವನನ್ನು ಹೊರಗಿಡುವುದು ಹೇಗೆ? 2003ರ ಡಿಸೆಂಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಈ ವಿರೋಧವನ್ನು ಎತ್ತಿ ತೋರಿಸಿ, ನ್ಯಾಯಬದ್ಧವಾದ ವೃತ್ತಿಯನ್ನು ಅವಲಂಬಿಸುವ ಹಕ್ಕಿಗೆ ಇದರಿಂದ ಭಂಗ ಬಂದಿದೆಯೆಂದು ಅರ್ಜಿದಾರರ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪು ಅರ್ಜಿದಾರರ ಮಟ್ಟಿಗೆ ಸೀಮಿತವಾಗಿತ್ತು. ನಿಷೇಧವು ಮತ್ತೆ ಹನ್ನೆರಡು ವರ್ಷ ಜಾರಿಯಲ್ಲಿಯೇ ಉಳಿಯಿತು. ಕಡೆಗೆ 2015ರ ಡಿಸೆಂಬರ್ 30ರಂದು ಅಲ್ಲಿನ ಕಾಮನ್‌ವೆಲ್ತ್ ನ್ಯಾಯಾಲಯವು ಆಜೀವ ನಿಷೇಧವನ್ನೇ ಅಸಾಂವಿಧಾನಿಕವೆಂದು ತಳ್ಳಿಹಾಕಿತು.

ನ್ಯಾಯಾಲಯದ ತರ್ಕವು ನಿರ್ದುಷ್ಟವಾದುದು. ಆದರೆ ನೀತಿಯ ವಿಚಾರವು ತರ್ಕದಲ್ಲಿಯೇ ಮುಗಿಯುವುದಿಲ್ಲ. ಶಾಸಕರು ಆ ಕಿಂಡಿಯನ್ನು ಬಿಟ್ಟದ್ದಾದರೂ ಏಕೆ? ವರ್ಷವಿಡೀ ಜೊತೆಯಲ್ಲಿ ಕೆಲಸ ಮಾಡಿದವನನ್ನು ಅಲ್ಲಿನವರು ಕಣ್ಣಾರೆ ಕಂಡಿದ್ದರು. ಅವನು ಹೊತ್ತಿಗೆ ಸರಿಯಾಗಿ ಬರುತ್ತಾನೆಯೇ, ಹಟ ಮಾಡುವ ಮುದುಕನಿಗೆ ತಾಳ್ಮೆಯಿಂದ ಊಟ ಮಾಡಿಸುತ್ತಾನೆಯೇ ಎಂಬುದು ಅವರಿಗೆ ಗೊತ್ತಿತ್ತು. ಮನುಷ್ಯನನ್ನು ಅರಿಯುವ ಮಾರ್ಗಗಳು ಎರಡು: ಒಂದು ಅವನ ಬಗ್ಗೆ ಬರೆದಿಟ್ಟದ್ದನ್ನು ಓದುವುದು, ಇನ್ನೊಂದು ಅವನೊಡನೆ ಇರುವುದು. ಎರಡನೆಯದು ಲಭ್ಯವಿರುವಲ್ಲಿ ಮೊದಲನೆಯದನ್ನು ಯಾರೂ ಅಷ್ಟಾಗಿ ನೆಚ್ಚುವುದಿಲ್ಲ. ಶಾಸಕರೂ ನೆಚ್ಚಲಿಲ್ಲ. ತಾವು ಕಾಣದವರ ವಿಷಯದಲ್ಲಿ ಮಾತ್ರ ಅವರು ಕಡತವನ್ನೇ ಪರಮ ಪ್ರಮಾಣವೆಂದು ಹಿಡಿದರು.

ಹಾಗೆಂದು ಅವರ ಭಯವು ಕೃತಕವಾದುದೆಂದು ಹೇಳಲಾಗದು. ಮೊದಲ ತೀರ್ಪು ಬಂದ ಅದೇ ತಿಂಗಳಲ್ಲಿ ನೆರೆಯ ನ್ಯೂಜೆರ್ಸಿಯಲ್ಲಿ ಚಾರ್ಲ್ಸ್ ಕಲನ್ ಎಂಬ ದಾದಿಯ ಬಂಧನವಾಯಿತು. ಸುಮಾರು ಹದಿನಾರು ವರ್ಷ ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದ ಅವನು, ಔಷಧಿಗಳನ್ನು ಅತಿಯಾಗಿ ಚುಚ್ಚಿ ರೋಗಿಗಳನ್ನು ಕೊಂದಿದ್ದನು. ಇಪ್ಪತ್ತೊಂಬತ್ತು ಕೊಲೆಗಳನ್ನು ಅವನು ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. ಇಂತಹ ಸುದ್ದಿಯನ್ನು ಓದಿದ ಮಗನೋ ಮಗಳೋ ತಮ್ಮ ತಾಯಿಯನ್ನು ಬಿಟ್ಟಿರುವ ಗೃಹದ ಬಗ್ಗೆ ಕಠಿಣವಾದ ಕಾನೂನನ್ನೇ ಬಯಸಿದರೆ ಅದನ್ನು ತಪ್ಪೆನ್ನಲು ಬಾಯಿ ಬರುವುದಿಲ್ಲ. ಆದರೆ ಕಲನ್ ಅಷ್ಟು ಕಾಲ ಸಿಕ್ಕಿಬೀಳದೆ ಉಳಿದದ್ದಕ್ಕೆ ಅಪರಾಧ ದಾಖಲೆಗಳ ಪಟ್ಟಿ ಚಿಕ್ಕದಾಗಿದ್ದುದು ಕಾರಣವಲ್ಲ. ಅವನ ಮೇಲೆ ಸಂಶಯ ಹುಟ್ಟಿದ ಕಡೆಗಳಲ್ಲಿ ಆ ಸಂಶಯವು ಮುಂದಿನ ಆಸ್ಪತ್ರೆಯವರೆಗೆ ತಲುಪಲಿಲ್ಲ. ಅವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತಲೇ ಹೋದನು. ಈ ಮೌನವನ್ನು ಮುರಿಯುವುದಕ್ಕಾಗಿಯೇ ನ್ಯೂಜೆರ್ಸಿಯು 2005ರಲ್ಲಿ ಪ್ರತ್ಯೇಕವಾದ ಒಂದು ಕಾನೂನನ್ನು ಮಾಡಬೇಕಾಯಿತು. ಹಳೆಯ ಕಳ್ಳನನ್ನು ಬಾಗಿಲಲ್ಲಿ ತಡೆಯುವುದು ಸುಲಭ. ಒಳಗೆ ಇರುವವನ ಮೇಲೆ ಕಣ್ಣಿಡುವುದಕ್ಕೆ ಧೈರ್ಯ ಬೇಕು, ಹಣವೂ ಬೇಕು.

ಅಮೆರಿಕದ ಆರೋಗ್ಯ ಇಲಾಖೆಯ ಮಹಾ ಪರಿವೀಕ್ಷಕರ ಕಚೇರಿಯು 2011ರಲ್ಲಿ ಪ್ರಕಟಿಸಿದ ವರದಿಯೊಂದು ಇಲ್ಲಿ ಗಮನಾರ್ಹವಾದುದು. ಪರೀಕ್ಷಿಸಿದ ಶುಶ್ರೂಷಾ ಗೃಹಗಳಲ್ಲಿ ಶೇಕಡಾ 92ರಷ್ಟು ಕಡೆ ಅಪರಾಧ ಸಾಬೀತಾದ ಕನಿಷ್ಠ ಒಬ್ಬನಾದರೂ ಕೆಲಸದಲ್ಲಿದ್ದನು. ಈ ಸಂಖ್ಯೆಯನ್ನು ಕೇಳಿದೊಡನೆ ಎದೆ ನಡುಗುತ್ತದೆ. ಆದರೆ ಒಟ್ಟು ಕೆಲಸಗಾರರಲ್ಲಿ ಅಂಥವರ ಪ್ರಮಾಣ ಸುಮಾರು ಶೇಕಡಾ 5 ಮಾತ್ರ. ಅವರ ಅಪರಾಧಗಳಲ್ಲಿ ಅತಿ ಹೆಚ್ಚಿನವು, ಶೇಕಡಾ 44ರಷ್ಟು, ಆಸ್ತಿಗೆ ಸಂಬಂಧಿಸಿದವು: ಅಂಗಡಿಯ ಕಳವು, ಹಣವಿಲ್ಲದ ಖಾತೆಯ ಚೆಕ್ಕು ಇತ್ಯಾದಿ. ಒಂದೇ ವರದಿಯಿಂದ ಎರಡು ವಿರುದ್ಧ ಪಕ್ಷಗಳು ತಮಗೆ ಬೇಕಾದ ಸಂಖ್ಯೆಯನ್ನು ಆರಿಸಿಕೊಳ್ಳಬಹುದು, ಆರಿಸಿಕೊಂಡೂ ಇವೆ. ದಿಂಬಿನ ಅಡಿ ಹಣವಿಟ್ಟುಕೊಂಡ ಮುದುಕಿಗೆ ಅಂಗಡಿಯ ಕಳವೇನೂ ಸಣ್ಣ ಸಂಗತಿಯಲ್ಲವೆಂಬುದನ್ನೂ ಮರೆಯಬಾರದು.

ಕಾಲವು ಅಪರಾಧದ ಕಲೆಯನ್ನು ತೊಳೆಯುತ್ತದೆಯೇ? ಇದನ್ನು ಅಳೆಯುವ ಪ್ರಯತ್ನವೂ ನಡೆದಿದೆ, ಅದೂ ಪೆನ್ಸಿಲ್ವೇನಿಯದಲ್ಲಿಯೇ. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಲ್‌ಫ್ರೆಡ್ ಬ್ಲೂಮ್‌ಸ್ಟೈನ್ ಅವರು ಕಿಮಿನೋರಿ ನಕಾಮುರ ಅವರೊಡನೆ ಸೇರಿ, 1980ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲ ಬಾರಿ ಬಂಧಿತರಾದವರ ಮುಂದಿನ ವರ್ಷಗಳನ್ನು ಪರಿಶೀಲಿಸಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹದಿನೆಂಟನೆಯ ವಯಸ್ಸಿನಲ್ಲಿ ದರೋಡೆಗಾಗಿ ಬಂಧಿತನಾದವನು ಮತ್ತೆ ಬಂಧನಕ್ಕೆ ಒಳಗಾಗದೆ 7.7 ವರ್ಷ ಕಳೆದರೆ, ಅವನು ಪುನಃ ಬಂಧಿತನಾಗುವ ಸಂಭವವು ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಹೆಚ್ಚಾಗಿರುವುದಿಲ್ಲ. ಮನೆಗಳ್ಳತನಕ್ಕೆ ಈ ಅವಧಿ 3.8 ವರ್ಷ, ತೀವ್ರ ಹಲ್ಲೆಗೆ 4.3 ವರ್ಷ. ಅಂದರೆ ಕಡತದ ಸಾಲಿಗೂ ಆಯುಷ್ಯವಿದೆ. ಒಂದು ಹಂತದ ಬಳಿಕ ಅದು ಓದುವವನಿಗೆ ಏನನ್ನೂ ತಿಳಿಸುವುದಿಲ್ಲ, ಕೇವಲ ಹೆದರಿಸುತ್ತದೆ. ಆದರೂ ಈ ಅಧ್ಯಯನವು ಸರಾಸರಿಯ ಮಾತನ್ನು ಆಡುತ್ತದೆ. ವೃದ್ಧೆಯ ಹಾಸಿಗೆಯ ಪಕ್ಕಕ್ಕೆ ಬಂದು ನಿಲ್ಲುವುದು ಸರಾಸರಿಯಲ್ಲ, ಒಬ್ಬ ಮನುಷ್ಯ.

ಇಲ್ಲಿ ಎರಡು ಬೇರೆ ಬೇರೆ ಮಾತುಗಳು ಬೆರೆತುಹೋಗುತ್ತವೆ. ಕ್ಷಮೆಯೇ ಬೇರೆ, ನಂಬಿಕೆಯೇ ಬೇರೆ. ತಪ್ಪಿತಸ್ಥನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದು ಔದಾರ್ಯವೆಂದು ಹೊಗಳುವವರು ಇದನ್ನು ಕ್ಷಮೆಯೆಂದು ಭಾವಿಸುತ್ತಾರೆ. ಆದರೆ ಕ್ಷಮಿಸುವ ಅಧಿಕಾರವಿರುವುದು ಗಾಯಗೊಂಡವನಿಗೆ. ಪರವಾನಗಿ ಕಚೇರಿಯ ಅಧಿಕಾರಿಯು ಯಾರ ಪರವಾಗಿ ಉದಾರನಾಗುತ್ತಾನೆ? ಅವನ ನಿರ್ಣಯವು ತಪ್ಪಿದರೆ ನೋಯುವವನು ಅವನಲ್ಲ, ತನ್ನನ್ನು ಒಂದು ಮಾತೂ ಕೇಳದೆ ಈ ಪಣಕ್ಕೆ ಒಡ್ಡಲ್ಪಟ್ಟ ಮುದುಕ. ಪರರ ಸೊತ್ತಿನಿಂದ ಮಾಡಿದ ದಾನವು ದಾನವಾಗದು. ಅದೇ ನ್ಯಾಯದಿಂದ, ಪರರ ಬದುಕನ್ನು ಬಲಿಕೊಟ್ಟು ಸಾಧಿಸಿದ ಎಚ್ಚರಿಕೆಯೂ ಪುಣ್ಯವಾಗದು. ಯಾರನ್ನೂ ನಂಬದಿದ್ದರೆ ಅಧಿಕಾರಿಗೆ ಯಾವ ಅಪವಾದವೂ ಬರುವುದಿಲ್ಲ. ಅದರ ಬೆಲೆಯನ್ನು ತೆರುವವನು ಶಿಕ್ಷೆಯನ್ನು ಮುಗಿಸಿ ಬಂದು ಕೆಲಸ ಕೇಳಿದವನು. ಎರಡು ಕಡೆಗೂ ನಿರ್ಣಯದ ಭಾರವನ್ನು ಹೊರುವವರು ದುರ್ಬಲರೇ. ನಿರ್ಣಯ ಮಾಡುವವರು ಎರಡರಿಂದಲೂ ದೂರ.

ಹಾಗಾದರೆ ಅಧಿಕಾರಿಯು ಕೊಡಬಹುದಾದದ್ದು ಕ್ಷಮೆಯಲ್ಲ, ಪರೀಕ್ಷಿಸಿದ ನಂಬಿಕೆ ಮಾತ್ರ. ಕ್ಯಾಲಿಫೋರ್ನಿಯ ರಾಜ್ಯದ ಪದ್ಧತಿಯು ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾಗಿದೆ. ಅಲ್ಲಿ ವೃದ್ಧರ ವಸತಿ ಗೃಹಕ್ಕೆ ಸೇರುವ ಕೆಲಸಗಾರನ ಬೆರಳಚ್ಚುಗಳು ರಾಜ್ಯದ ನ್ಯಾಯ ಇಲಾಖೆಗೂ ಕೇಂದ್ರದ ತನಿಖಾ ಸಂಸ್ಥೆಗೂ ಹೋಗುತ್ತವೆ. ದಾಖಲೆ ಶುದ್ಧವಾಗಿದ್ದರೆ ಒಪ್ಪಿಗೆ ಸಿಗುತ್ತದೆ. ಇಲ್ಲದಿದ್ದರೆ ಬಾಗಿಲು ಪೂರ್ತಿಯಾಗಿ ಮುಚ್ಚುವುದಿಲ್ಲ. ವಿನಾಯಿತಿಯನ್ನು ಬೇಡಿ ತನ್ನ ಸನ್ನಡತೆಯನ್ನು ಸಾಧಾರವಾಗಿ ತೋರಿಸುವ ಹೊಣೆ ಅರ್ಜಿದಾರನದು. ಅಪರಾಧದಲ್ಲಿ ಹಿಂಸೆಯಿತ್ತೇ, ನಡೆದು ಎಷ್ಟು ಕಾಲವಾಯಿತು, ಅಂದಿನ ಸಂದರ್ಭವೇನು, ಅನಂತರ ಅವನು ಉದ್ಯೋಗದಲ್ಲಿ, ಓದಿನಲ್ಲಿ, ಚಿಕಿತ್ಸೆಯಲ್ಲಿ ತೊಡಗಿದ್ದನೇ, ಅವನ ನಡತೆಯ ಬಗ್ಗೆ ಬಲ್ಲವರು ಏನೆನ್ನುತ್ತಾರೆ ಎಂಬುದನ್ನೆಲ್ಲ ಇಲಾಖೆ ತೂಗುತ್ತದೆ. ಕೊಲೆ, ಅತ್ಯಾಚಾರ, ವೃದ್ಧರ ಮೇಲಿನ ಕ್ರೌರ್ಯಗಳಂತಹ ಘೋರ ಅಪರಾಧಗಳಿಗೆ ಮಾತ್ರ ವಿನಾಯಿತಿಯ ದಾರಿ ಬಹುಮಟ್ಟಿಗೆ ಮುಚ್ಚಿದೆ.

ತೂಗಬೇಕಾದ ಈ ಅಂಶಗಳಲ್ಲಿ ಇನ್ನೂ ಒಂದು ಇದೆ, ಅದೇ ಎಲ್ಲಕ್ಕಿಂತ ಹೆಚ್ಚು ಅರ್ಥವುಳ್ಳದ್ದು: ಅರ್ಜಿಯಲ್ಲಿ ಅವನು ನಿಜವನ್ನು ಹೇಳಿದ್ದಾನೆಯೇ? ಹಿಂದಿನ ಅಪರಾಧವನ್ನು ತಾನೇ ಬರೆದು ಸಹಿ ಮಾಡಬೇಕೆಂಬ ನಿಯಮವೂ ಅಲ್ಲಿ ಹಿಂದೆ ಇತ್ತು. ಬೆರಳಚ್ಚು ಹೇಗೂ ಎಲ್ಲವನ್ನೂ ಹೊರಗೆಡಹುವಾಗ ಅವನ ಬಾಯಿಂದ ಕೇಳುತ್ತಿದ್ದುದೇಕೆ ಎಂಬ ಪ್ರಶ್ನೆ ಏಳಬಹುದು. ಕಡತವು ಹೇಳುವುದು ಅಂದಿನ ಮನುಷ್ಯನನ್ನು. ಅದನ್ನು ಮರೆಮಾಚದೆ ಬರೆಯುವ ಕೈ ಇಂದಿನ ಮನುಷ್ಯನದು. ತನಗೆ ಕೆಲಸ ತಪ್ಪಿಹೋಗಬಹುದೆಂದು ತಿಳಿದೂ ನಿಜವನ್ನು ಬರೆದವನು, ಇಂದು ತಾನು ಯಾರೆಂಬುದಕ್ಕೆ ಒಂದು ಸಾಕ್ಷ್ಯವನ್ನು ಕೊಟ್ಟಂತಾಯಿತು. ನಾಚಿಕೆಯಿಂದ ಮುಚ್ಚಿಟ್ಟವನೆಲ್ಲ ದುಷ್ಟನಲ್ಲ ಎಂಬುದು ನಿಜ. ಹಾಗೆ ಮುಚ್ಚಿಟ್ಟವನ ಅರ್ಜಿ ತಿರಸ್ಕೃತವಾದಾಗ ಮರುಕ ಹುಟ್ಟುವುದೂ ಸಹಜ. ಆದರೆ ಮಾತನಾಡಲಾರದ ರೋಗಿಯ ಪಕ್ಕದಲ್ಲಿ ಏನು ನಡೆಯಿತೆಂದು ಮರುದಿನ ಹೇಳಬೇಕಾದವನು ಅವನೇ ಆಗಿರುವಾಗ, ಸತ್ಯವನ್ನು ಹೇಳುವ ಅಭ್ಯಾಸವು ಈ ಉದ್ಯೋಗದ ಮೊದಲ ಅರ್ಹತೆಯೇ ಸರಿ.

ಎಲ್ಲ ಅಪರಾಧಗಳನ್ನೂ ಒಂದೇ ತಕ್ಕಡಿಯಲ್ಲಿಡುವುದು ಪೆನ್ಸಿಲ್ವೇನಿಯ ಮಾಡಿದ ತಪ್ಪು. ಯಾವ ಅಪರಾಧಕ್ಕೂ ಶಾಶ್ವತವಾದ ತಡೆ ಬೇಡವೆನ್ನುವುದು ಅದಕ್ಕೆ ಪ್ರತಿಯಾಗಿ ಮಾಡಬಹುದಾದ ತಪ್ಪು. ಅಸಹಾಯಕನನ್ನು, ಅವನು ಅಸಹಾಯಕನೆಂಬ ಕಾರಣಕ್ಕಾಗಿಯೇ ಹಿಂಸಿಸಿದವನಿಗೆ ಆರೈಕೆ ಗೃಹದ ಬಾಗಿಲು ಮುಚ್ಚಿಯೇ ಇರಲಿ. ಅವನು ಬದಲಾಗಲಾರನೆಂದಲ್ಲ, ಅವನು ಎಡವಿದ ಜಾಗಕ್ಕೇ ಅವನನ್ನು ಮತ್ತೆ ನಡೆಸಿಕೊಂಡು ಹೋಗುವುದು ಅವನಿಗೂ ಹಿತವಲ್ಲ. ಲೋಕದಲ್ಲಿ ದುಡಿಮೆಗೆ ಬೇರೆ ಸಾವಿರ ಎಡೆಗಳಿವೆ. ಆದರೆ ಎಳೆಯ ವಯಸ್ಸಿನಲ್ಲಿ ಮಾಡಿದ ಕಳವಿಗೆ ಐವತ್ತನೆಯ ವಯಸ್ಸಿನಲ್ಲಿಯೂ ಇದೇ ಉತ್ತರವಾದರೆ ಅದು ರಕ್ಷಣೆಯಲ್ಲ, ನ್ಯಾಯಾಧೀಶನು ವಿಧಿಸದೇ ಇದ್ದ ಎರಡನೆಯ ಶಿಕ್ಷೆ.

ಇನ್ನೊಂದು ನಷ್ಟವಿದೆ, ಅದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ನಿಷೇಧವು ಕೆಲಸಗಾರನಿಂದ ಅನ್ನವನ್ನು ಕಿತ್ತುಕೊಂಡಾಗ ವೃದ್ಧನಿಂದಲೂ ಏನನ್ನೋ ಕಿತ್ತುಕೊಳ್ಳುತ್ತದೆ. ಮರೆವಿನ ಮಂಜಿನಲ್ಲಿರುವವನಿಗೆ ಪರಿಚಿತವಾದ ಒಂದು ದನಿ, ಗೊತ್ತಿರುವ ಒಂದು ಕೈ ಎಂದರೆ ಅದೇ ಅವನ ಜಗತ್ತು. ಕೂಲಿ ಅಲ್ಪವಾಗಿ ದುಡಿಮೆ ಅಪಾರವಾದ ಈ ಉದ್ಯೋಗದಲ್ಲಿ ನಿಲ್ಲುವವರೇ ವಿರಳ. ಕಷ್ಟವನ್ನು ಕಂಡುಂಡು ಬಂದವನು ಕೆಲವೊಮ್ಮೆ ಅಲ್ಲಿ ಇತರರಿಗಿಂತ ಹೆಚ್ಚು ತಾಳ್ಮೆಯಿಂದ ನಿಲ್ಲುತ್ತಾನೆ. ಸಂಸ್ಥೆಯ ಮಾಲೀಕನಿಗೆ ಮಾತ್ರ ಬೆರಳಚ್ಚಿನ ಪರೀಕ್ಷೆಯು ಅಗ್ಗದ ಪರಿಹಾರ. ಒಮ್ಮೆ ಶುಲ್ಕ ಕೊಟ್ಟು ಶುದ್ಧವೆಂಬ ಮುದ್ರೆಯನ್ನು ಪಡೆದರೆ, ರಾತ್ರಿಯ ಪಾಳಿಗೆ ಇನ್ನೊಬ್ಬ ಕೆಲಸಗಾರನನ್ನು ನೇಮಿಸುವ ವೆಚ್ಚವನ್ನು ಕುರಿತು ಯಾರೂ ಕೇಳುವುದಿಲ್ಲ. ಮುದ್ರೆ ಪಡೆದವನೊಬ್ಬನು ಕತ್ತಲೆಯಲ್ಲಿ ಹಲವರ ನಡುವೆ ಒಂಟಿಯಾಗಿ, ನಿದ್ದೆಗೆಟ್ಟು, ಸಿಟ್ಟಿನಲ್ಲಿ ಇದ್ದಾಗ ಏನು ಮಾಡುತ್ತಾನೆಂಬುದು ಯಾವ ಇಲಾಖೆಯ ಕಡತದಲ್ಲಿಯೂ ಇರುವುದಿಲ್ಲ.

ಮನೆಗೆ ಬಂದು ಆರೈಕೆ ಮಾಡುವವರಿಗೂ ಈ ನಿಯಮವನ್ನು ಕ್ಯಾಲಿಫೋರ್ನಿಯವು 2016ರಿಂದ ವಿಸ್ತರಿಸಿದೆ. ಸಂಸ್ಥೆಗಳ ಮೂಲಕ ಬರುವ ಸಹಾಯಕರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಲೇಬೇಕು. ಕುಟುಂಬದವರು ತಾವೇ ಯಾರನ್ನಾದರೂ ನೇರವಾಗಿ ಗೊತ್ತುಮಾಡಿಕೊಂಡರೆ ಮಾತ್ರ ಈ ನೋಂದಣಿ ಕಡ್ಡಾಯವಲ್ಲ. ಅಲ್ಲಿ ಬಾಗಿಲಿನ ಚಿಲಕವು ಮಕ್ಕಳ ಕೈಯಲ್ಲಿದೆ. ಬಂದವನನ್ನು ಕೂರಿಸಿ, ಕೇಳಿ, ಕೆಲವು ದಿನ ಜೊತೆಯಲ್ಲಿದ್ದು ನೋಡುವ ಹೊಣೆಯೂ ಅವರದೇ.