ಬ್ಯಾರನ್ ಬಾಗಿಲಲ್ಲಿ ನವಾವರಣ

ಬೆಂಕಿ ಹಾಕಿದ ಮೇಲೆ ಐದಾರು ದಿನ ಹೊಗೆಸೊಪ್ಪಿನ ಬ್ಯಾರನ್ ಬಿಟ್ಟು ಕದಲುವ ಹಾಗಿಲ್ಲ. ಮೊದಲು ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಕೊನೆಗೆ ನಡುದಂಟು ಒಣಗಬೇಕು. ಒಂದೊಂದಕ್ಕೂ ಬೇರೆ ಶಾಖ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಹೊಗೆಸೊಪ್ಪು ಬೇಯಿಸುವ ಕಾಲವೂ ನವರಾತ್ರಿಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ನಿದ್ದೆ ಹತ್ತದಿರಲೆಂದು ಅಪ್ಪ ಬ್ಯಾರನ್ ಬಾಗಿಲಿಗೆ ಟ್ರಾನ್ಸಿಸ್ಟರ್ ನೇತುಹಾಕುತ್ತಿದ್ದ. ಮುತ್ತುಸ್ವಾಮಿ ದೀಕ್ಷಿತರ ಕಮಲಾಂಬಾ ನವಾವರಣ ಕೃತಿಗಳು ನನ್ನ ಕಿವಿಗೆ ಬಿದ್ದದ್ದು ಅಲ್ಲಿ, ದಿನಕ್ಕೊಂದರಂತೆ, ಬೆಳಗಿನ ಹೊತ್ತು.

ಮೂರನೆಯ ದಿನ, ಶಂಕರಾಭರಣ ನಡೆದಿತ್ತು. ಸೌದೆ ತಳ್ಳುತ್ತಿದ್ದ ಅಪ್ಪ ಅಂದ: "ನೆನ್ನೆನೂವೆ ಇದೇ ಹೆಸ್ರು ಕಣ್ಲಾ. ಬಾಲ ಮಾತ್ರ ಬ್ಯಾರೆ."

ಅವನಿಗೆ ಸಂಸ್ಕೃತ ಬಾರದು, ರಾಗದ ಹೆಸರು ಗೊತ್ತಿಲ್ಲ. ಆದರೆ ಕೈ ಇಟ್ಟದ್ದು ಗಂಟಿನ ಮೇಲೇ. ತಿರುವಾರೂರಿನ ಕಮಲಾಂಬೆಯ ಮೇಲೆ ದೀಕ್ಷಿತರು (1775–1835) ಕಟ್ಟಿದ ಈ ಮಾಲೆಯಲ್ಲಿ ಆನಂದಭೈರವಿಯದು ಪ್ರಥಮಾ ವಿಭಕ್ತಿ, ಕಲ್ಯಾಣಿಯದು ದ್ವಿತೀಯಾ, ಶಂಕರಾಭರಣದ್ದು ತೃತೀಯಾ. ಹೀಗೇ ಕಾಂಭೋಜಿ, ಭೈರವಿ, ಪುನ್ನಾಗವರಾಳಿ, ಸಹಾನ. ಎಂಟನೆಯದಾದ ಘಂಟಾದಲ್ಲಿ ಸಂಬೋಧನೆ. ಒಂಬತ್ತನೆಯದಾದ ಆಹಿರಿಯಲ್ಲಿ ಎಲ್ಲ ವಿಭಕ್ತಿಗಳೂ ಒಟ್ಟಿಗೆ. ನಾವು ಶಾಲೆಯಲ್ಲಿ ಉ, ಅನ್ನು, ಇಂದ ಎಂದು ರಾಗವಾಗಿಯೇ ಒದರಿದ್ದೆವು. (ಆ ಪಂಚಮಿಯ 'ದೆಸೆಯಿಂದ'ವನ್ನು ನಮ್ಮೂರಲ್ಲಿ ಯಾರೂ ಆಡಿದ್ದು ಕೇಳಿಲ್ಲ.) ವಿಭಕ್ತಿಯೆಂದರೆ ಹೆಸರಿಗೂ ಲೋಕಕ್ಕೂ ಇರುವ ನಂಟು ಎಂಬುದು ಮೇಷ್ಟರ ಬಾಯಲ್ಲಿ ಬರಲಿಲ್ಲ.

ಅವಳು, ಅವಳನ್ನು, ಅವಳಿಂದ, ಅವಳಿಗೆ... ಏಳು ದಿನ ಅವಳ ವಿಷಯವನ್ನೇ ಆಡಿ, ಎಂಟನೆಯ ದಿನ ಅವಳನ್ನೇ ಕರೆಯುವುದು. ಎದುರು ನಿಂತು ಮಾತಾಡಲು ಅಷ್ಟು ದಿನ ಬೇಕೆ? ಹಾಗೆ ನೋಡಿದರೆ ಮೊದಲಿನ ಧ್ಯಾನಕೃತಿ, ತೋಡಿ, ಅದೂ ಕರೆಯೇ. ಒಮ್ಮೆ ಕರೆದು, ಹೊಸಿಲಲ್ಲಿ ನಿಂತು, ಸುತ್ತು ಬಳಸಿ, ಮತ್ತೆ ಕರೆಯುವುದು. ಎರಡನೆಯ ಕರೆ ಮೊದಲಿನದಲ್ಲ. ನಡುವೆ ಏಳು ರಾತ್ರಿಗಳಿವೆ.

ಒಬ್ಬ ಕರ್ತೃವಿನದನ್ನೆಲ್ಲ ಕೇಳಿಬಿಡಬೇಕೆಂಬ ಆಸೆ ಎಲ್ಲ ಕಡೆಯೂ ಇದ್ದದ್ದೇ. ಪಶ್ಚಿಮದಲ್ಲಿ ಬೀಥೋವನ್‌ನ ಒಂಬತ್ತು ಸಿಂಫನಿಗಳನ್ನು ಸಾಲಾಗಿ ನುಡಿಸುತ್ತಾರೆ. ನಮ್ಮ ಜಯಚಾಮರಾಜ ಒಡೆಯರ್ 1940ರ ದಶಕದ ಕೊನೆಗೆ ರಷ್ಯಾದ ಮೆಟ್ನರ್‌ನ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣವಾಗಲೆಂದೇ ಹಣ ಕೊಟ್ಟರು. ನನ್ನ ಆಸೆ ಈಡೇರಿದ್ದು ಎಷ್ಟೋ ವರ್ಷದ ಮೇಲೆ, ಮೈಸೂರಿನ ಒಂದು ಸಭೆಯಲ್ಲಿ: ಧ್ಯಾನದಿಂದ ಶ್ರೀರಾಗದ ಮಂಗಳದವರೆಗೆ ಹನ್ನೊಂದೂ ಕೃತಿ, ಒಂದೇ ಸಂಜೆ. ಮಾಲೆಯ ಆಕಾರ ಕಂಡಿತು, ಸುಳ್ಳು ಹೇಳಬಾರದು. ಸಹಾನದ ತಂಪಿನ ಬೆನ್ನಿಗೇ ಘಂಟಾ ಬಂದಾಗ ಮೈ ಜುಮ್ಮೆಂದಿತು. ಆದರೆ ಭೈರವಿಯ ಹೊತ್ತಿಗೇ ಕಿವಿ ತುಂಬಿತ್ತು. ಒಂದು ಇಳಿಯುವ ಮೊದಲೇ ಇನ್ನೊಂದು. ಬ್ಯಾರನ್ನಿನಲ್ಲಿ ಎರಡು ಕೃತಿಗಳ ನಡುವೆ ಒಂದು ಗಾಡಿ ಸೌದೆ ಉರಿಯುತ್ತಿತ್ತು; ಅಷ್ಟರಲ್ಲಿ ರಾಗವೂ ಎಲ್ಲೋ ಒಳಗೆ ಬಣ್ಣ ತಿರುಗುತ್ತಿತ್ತು.

ಆರನೆಯ ದಿನದ್ದು ಅಂದು ಕೇಳಿರಲಿಲ್ಲ. ಸೆಲ್ಲು ಮುಗಿದಿದ್ದವು. ಅಪ್ಪ ಅವನ್ನು ಚಪ್ಪಡಿಯ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟ. ಸಭೆಯಲ್ಲಿ ಪುನ್ನಾಗವರಾಳಿ ಎತ್ತಿಕೊಂಡಾಗ ಆ ತೂತು ಮುಚ್ಚುತ್ತದೆ ಎಂದುಕೊಂಡೆ. ಹಾಡಿಕೆಯಲ್ಲಿ ಕೊರತೆಯಿರಲಿಲ್ಲ. ಆದರೂ ಕಣ್ಣಿಗೆ ಕಟ್ಟಿದ್ದು ಬಿಸಿಲಿಗಿಟ್ಟ ಆ ನಾಲ್ಕು ಸೆಲ್ಲು. ಕೇಳದೆ ಉಳಿದ ಆ ದಿನವೂ ಮಾಲೆಯದೇ ಒಂದು ಮಣಿಯಾಗಿ ನನ್ನಲ್ಲಿ ಕೂತುಬಿಟ್ಟಿದೆ. ಆಮೇಲೆ ಕೇಳಿದ್ದು ಅದರ ಪಕ್ಕದಲ್ಲಿ ಕೂತಿತೇ ಹೊರತು ಅದರ ಜಾಗದಲ್ಲಲ್ಲ.

ಒಂಬತ್ತನೆಯ ದಿನ ಆಯುಧಪೂಜೆ. ಬಿಸಿಲು ಕಂಡ ಸೆಲ್ಲುಗಳಿಗೆ ಸ್ವಲ್ಪ ಜೀವ ಬಂದಿತ್ತು. ಕುಡುಗೋಲು, ಥರ್ಮಾಮೀಟರು, ಟ್ರಾನ್ಸಿಸ್ಟರು, ಎಲ್ಲಕ್ಕೂ ಅಪ್ಪ ಕುಂಕುಮವಿಟ್ಟು ಚೆಂಡುಹೂ ಸಿಕ್ಕಿಸಿದ್ದ. ಹೂವಿನ ಹಿಂದಿನಿಂದ ಸಣ್ಣಗೆ ಆಹಿರಿ. ಬೆಳಗ್ಗೆ ಆಹಿರಿ ಹಾಡಿದರೆ ಅಂದು ಅನ್ನ ಹುಟ್ಟುವುದಿಲ್ಲ ಎಂಬ ಮಾತು ಸಂಗೀತಗಾರರಲ್ಲಿದೆ. ಅಪ್ಪನಿಗೆ ಅದೆಲ್ಲಿ ಗೊತ್ತು. ಕಿಂಡಿಯಲ್ಲಿ ಶಾಖ ನೋಡಿ, ಇನ್ನೊಂದು ಕೊರಡು ಒಳಗೆ ತಳ್ಳಿದ.

ಪೂಜೆ ಮುಗಿಸಿ ಅವ್ವ ಬುತ್ತಿ ತರುವಾಗ ಮೂರು ಗಂಟೆ ದಾಟಿತ್ತು.