ವಿದ್ಯಾರ್ಥಿನಿಲಯದ ಋಣ

ಹಳೆಯ ವಸತಿಶಾಲೆಯ ಕಟ್ಟಡವೊಂದು ಶಿಥಿಲವಾದಾಗ ಊರಿನಲ್ಲಿ ಎರಡು ಪಕ್ಷಗಳು ಹುಟ್ಟುವುದು ಸಹಜ. ಕಟ್ಟಡವೆಂಬುದು ಕಲ್ಲುಮಣ್ಣುಗಳ ರಾಶಿ, ವಿದ್ಯೆಯು ಎಲ್ಲಿ ಕಲಿತರೂ ವಿದ್ಯೆಯೇ, ಆದುದರಿಂದ ಕೆಡವಿದರೆ ಹಾನಿಯಿಲ್ಲವೆಂಬುದು ಮೊದಲನೆಯ ಪಕ್ಷ. ಪೂರ್ವಿಕರು ಇರಿಸಿದ ಒಂದು ಕಲ್ಲನ್ನೂ ಕದಲಿಸಲಾಗದೆಂಬುದು ಎರಡನೆಯದು. ಇವೆರಡರಲ್ಲಿ ಧರ್ಮವು ಯಾವ ಕಡೆಗಿದೆಯೆಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಕನ್ನಡನಾಡಿನ ಶಾಸನಗಳೇ ಸಾಕ್ಷಿ ನುಡಿಯಬಲ್ಲುವು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆಂದು ಅಲ್ಲಿ 27 ಮನೆಗಳಿದ್ದುವು. ದೀಪಕ್ಕೆ ಬೇರೆ ಭೂಮಿ, ಉಪಾಧ್ಯಾಯನಿಗೆ ಬೇರೆ ಭೂಮಿ. ಊರಿನ ಬ್ರಾಹ್ಮಣ ಗೃಹಸ್ಥರು ಮದುವೆಗೆ 5 ನಾಣ್ಯವನ್ನೂ, ಉಪನಯನಕ್ಕೆ ಅದರಲ್ಲಿ ಅರ್ಧವನ್ನೂ, ಚೌಲಕ್ಕೆ ಮತ್ತೆ ಅದರಲ್ಲಿ ಅರ್ಧವನ್ನೂ ಶಾಲೆಗೆ ಸಲ್ಲಿಸಬೇಕೆಂದು ಕಟ್ಟಳೆಯಾಯಿತು. ಸ್ವಂತ ಮಗನಿಗೆ ಜನಿವಾರ ಹಾಕುವ ದಿನ ಪರಸ್ಥಳದ ಹುಡುಗನ ಊಟವೂ ತಂದೆಯ ನೆನಪಿಗೆ ಬರಬೇಕೆಂಬುದು ಆ ಕಟ್ಟಳೆಯ ಹೃದಯ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವೂ ಇಂತಹುದೇ. ಅಲ್ಲಿ ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳಿದ್ದರೆಂದೂ, ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀಭಂಡಾರಿಗರಿದ್ದರೆಂದೂ 1058ರ ಶಾಸನವು ಹೇಳುತ್ತದೆ. ಅರವತ್ತು ಕಂಬದ ಗುಡಿಯು ಈಗಲೂ ಅಲ್ಲಿ ನಿಂತಿದೆ.

ಸಾಲೋಟಗಿಯ 27 ಮನೆಗಳಲ್ಲಿ ಇಂದು ದೀಪ ಹಚ್ಚುವವರಿಲ್ಲ. ಆದರೂ ಆ ಊರಿನವರು ಕೊಟ್ಟ ಮಾತು ಸಾವಿರ ವರ್ಷ ಕಳೆದ ಮೇಲೆಯೂ ತಿಳಿದುಬಂದಿರುವುದು ಒಂದು ಕಲ್ಲುಕಂಬದ ದೆಸೆಯಿಂದ. ಕಲ್ಲಿಲ್ಲದಿದ್ದರೆ ಮಾತೂ ಮರೆತುಹೋಗುತ್ತಿತ್ತು. ಆದುದರಿಂದ ಮೊದಲನೆಯ ಪಕ್ಷವು ನಿಲ್ಲಲಾರದು. ಎರಡನೆಯದೂ ಪೂರ್ಣಸತ್ಯವಲ್ಲ. ಕಂಬಗಳನ್ನು ಕಾಯ್ದು, ಅನ್ನವನ್ನು ನಿಲ್ಲಿಸಿದರೆ ಉಳಿದುದು ದೇಹವೇ ಹೊರತು ಪ್ರಾಣವಲ್ಲ. ಅದಲ್ಲದೆ, ಆ ಹಳೆಯ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಮಾಚಬಾರದು. ಪೂರ್ವಿಕರ ಔದಾರ್ಯದೊಡನೆ ಅವರ ಸಂಕೋಚವನ್ನೂ ಕಾಪಾಡುವುದು ಪಿತೃಭಕ್ತಿಯಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಹಸ್ರಾರು ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನಿತ್ತು ಆ ಬಾಗಿಲನ್ನೇ ಅಗಲಗೊಳಿಸಿದರು. ಸಾಲೋಟಗಿಯ ಋಣವು ತೀರಬೇಕಾದ ರೀತಿ ಇದು.

ಬೆಂಗಳೂರಿನ ಪೂರ್ವದಂಚಿನ ಬ್ರೂಕ್‌ಫೀಲ್ಡಿನಲ್ಲಿಯೂ ಇಂದು ನಾನಾ ಜನಪದಗಳ ತರುಣತರುಣಿಯರು ಬಂದು ನೆಲಸಿದ್ದಾರೆ. ಅವರ ವಾಸವು ಜನರು ‘ಪೀಜಿ’ ಎನ್ನುವ ಬಾಡಿಗೆಯ ನಿಲಯಗಳಲ್ಲಿ. ಬಾಡಿಗೆ ಪಡೆಯುವುದು ಪಾಪವಲ್ಲ. ಆದರೆ ಜ್ವರದಿಂದ ಮಲಗಿದವನು ಗಂಜಿ ಕುಡಿದನೇ ಎಂದು ವಿಚಾರಿಸುವ ಭಾರವನ್ನು ಬಾಡಿಗೆಯ ಪತ್ರವು ಯಾರ ಮೇಲೆಯೂ ಹೊರಿಸುವುದಿಲ್ಲ. ಆ ಭಾರವನ್ನು ಒಂದು ಊರು ತಾನಾಗಿ ಹೊತ್ತುಕೊಂಡಾಗ ಮಾತ್ರ ವಾಸಗೃಹವು ವಿದ್ಯಾರ್ಥಿನಿಲಯವಾಗುತ್ತದೆ.

ಹಳೆಯ ಕಟ್ಟಡವನ್ನು ಉಳಿಸಲು ಸಾಧ್ಯವಿದ್ದಲ್ಲಿ ಉಳಿಸಬೇಕು. ಅದು ಕೊಟ್ಟ ಮಾತಿನ ಕುರುಹು. ಕೆಡವುವುದು ಅನಿವಾರ್ಯವಾದರೆ, ಒಂದು ಇಟ್ಟಿಗೆಯನ್ನು ಕೀಳುವ ಮೊದಲು ಅಲ್ಲಿಯ ಮಕ್ಕಳಿಗೆ ಬೇರೊಂದು ಕಡೆ ಒಲೆ ಹೊತ್ತಿರಬೇಕು, ದೀಪ ಬೆಳಗಿರಬೇಕು. ಈ ಕ್ರಮವನ್ನು ತಪ್ಪಿಸಿದವರು ಗೋಡೆಯನ್ನಲ್ಲ, ಮಾತನ್ನು ಕೆಡವಿದವರಾಗುತ್ತಾರೆ.